ಅಜ್ಜಿಯ ಬೆರಳು, ಡಾನ್ ನದಿಯ ಉಪ್ಪು

2024ರ ಏಪ್ರಿಲ್ 26, ಶುಕ್ರವಾರ. ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಮ್ಮನ ಫೋಟೋ. ಮೈಸೂರಿನಲ್ಲಿ ಅವತ್ತು ಲೋಕಸಭೆ ಚುನಾವಣೆಯ ಮತದಾನ. ಬಿಸಿಲೇರುವ ಮುಂಚೆಯೇ ಹೋಗಿ ವೋಟು ಹಾಕಿ ಬಂದು, ಶಾಲೆಯ ಗೇಟಿನ ಮುಂದೆ ಎಡಗೈ ತೋರುಬೆರಳು ಎತ್ತಿ ನಿಂತಿದ್ದಾಳೆ. ಉಗುರಿನ ತುದಿಯಿಂದ ಮೊದಲ ಗಿಣ್ಣಿನವರೆಗೆ ಒಂದು ನೇರಳೆ ಗೆರೆ. ಕೆಳಗೆ ಒಂದೇ ಸಾಲು: ‘ನಿಮ್ಮಪ್ಪ ಇದ್ದಿದ್ದರೆ ಏಳು ಗಂಟೆಗೆ ಮೊದಲನೆಯವರಾಗಿ ನಿಲ್ಲುತ್ತಿದ್ದರು.’ ನಾನು ಒಂದು ಹಾರ್ಟ್ ಒತ್ತಿ, ಡಬ್ಬಿ ಕಟ್ಟಿ, ಮಗನನ್ನು ಡೇಕೇರ್‌ಗೆ ಬಿಟ್ಟು ಕೆಲಸಕ್ಕೆ ಓಡಿದೆ. ಆ ಗೆರೆ ಸಂಜೆಗೆ ನನ್ನ ಮಾನ ಉಳಿಸುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಸಂಜೆ ಎಂದರೆ ಅಕ್ಕನ ಮಗಳ ಸೈನ್ಸ್ ಪಾಠ. ಅಕ್ಕನ ಮನೆ ಫಿಂಚ್ ಸಬ್‌ವೇ ಹತ್ತಿರ, ನಮ್ಮಿಂದ ಹತ್ತು ನಿಮಿಷದ ನಡಿಗೆ. ಹುಡುಗಿಗೆ ಹದಿನೈದು, ಗ್ರೇಡ್ 10. ಮನೆಯಲ್ಲಿ ಮಾತ್ರ ಇನ್ನೂ ಪುಟ್ಟಿಯೇ. ಅವಳು ಅವತ್ತು ತಂದ ಕ್ವಿಜ್ ಪೇಪರಿನಲ್ಲಿ ಹದಿನೈದಕ್ಕೆ ಆರು. ವಿಷಯ ದ್ವಿಸ್ಥಾನಪಲ್ಲಟ ಕ್ರಿಯೆ, ಅಂದರೆ ಡಬಲ್ ಡಿಸ್‌ಪ್ಲೇಸ್‌ಮೆಂಟ್; ಅದರ ಬೆನ್ನಿಗೇ ಪ್ರಕ್ಷೇಪನ, ಅಂದರೆ ಪ್ರೆಸಿಪಿಟೇಶನ್. ಅಕ್ಕ ಆಗಲೇ ಟ್ಯೂಷನ್ ಸೆಂಟರ್‌ಗೆ ಫೋನ್ ಮಾಡಿ ಫೀಸು ಕೇಳಿದ್ದಳು. ಪುಟ್ಟಿ ಬ್ಯಾಗ್ ಇಳಿಸುವ ಮೊದಲೇ ಘೋಷಿಸಿದಳು: ‘ಚಿಕ್ಕಿ, ನೆಕ್ಸ್ಟ್ ಇಯರ್ ನಾನು ಕೆಮಿಸ್ಟ್ರಿ ಡ್ರಾಪ್ ಮಾಡ್ತೀನಿ. ಅಮ್ಮಂಗೆ ನೀವೇ ಹೇಳಿ.’

ಒಂಟಾರಿಯೋದಲ್ಲಿ ಮಕ್ಕಳಿರುವವರಿಗೆ ಇದರ ತೂಕ ಗೊತ್ತು. ಗ್ರೇಡ್ 11ರ ಕೆಮಿಸ್ಟ್ರಿ ಬಿಟ್ಟರೆ 12ರ ಕೆಮಿಸ್ಟ್ರಿಗೆ ದಾರಿ ಇಲ್ಲ; ಅದಿಲ್ಲದೆ ಯೂನಿವರ್ಸಿಟಿಯ ಎಷ್ಟೋ ಬಾಗಿಲುಗಳು ತೆರೆಯುವುದಿಲ್ಲ. ಹದಿನೈದು ವರ್ಷದ ಮಗು ಒಂದು ಕ್ವಿಜ್‌ನ ಸಿಟ್ಟಿನಲ್ಲಿ ಅದನ್ನು ನಿರ್ಧರಿಸಬಾರದು. ಆದರೆ ನಾನು ಆಗ ಮಾಡಿದ್ದೇನು? ಪೇಪರ್ ನೋಡಿದವಳೇ ‘ಇಷ್ಟು ಸುಲಭದ್ದು ಗೊತ್ತಾಗಲಿಲ್ವಾ? ಟೇಬಲ್ ಬೈಹಾರ್ಟ್ ಮಾಡಿದ್ದರೆ ಸಾಕಿತ್ತಲ್ಲ’ ಅಂದೆ. ಅವಳು ನೋಟ್‌ಬುಕ್ ಮುಚ್ಚಿದಳು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನನ್ನ ಹೊಟ್ಟೆಪಾಡೇ ಪ್ರಕ್ಷೇಪನ. ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಬ್ಯಾಟರಿಗೆ ಬೇಕಾದ ಪುಡಿ ತಯಾರಿಸುತ್ತೇವೆ: ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಸಲ್ಫೇಟುಗಳ ದ್ರಾವಣಕ್ಕೆ ಕಾಸ್ಟಿಕ್ ಸೋಡಾ ಬಿಟ್ಟು, ತಳಕ್ಕೆ ಇಳಿಯುವ ಹೈಡ್ರಾಕ್ಸೈಡನ್ನು ಸೋಸಿ ಒಣಗಿಸುವುದು. ಎಲೆಕ್ಟ್ರಿಕ್ ಕಾರಿನ ಬ್ಯಾಟರಿಯ ಮೂಲದಲ್ಲಿ ಇರುವುದು ಪುಟ್ಟಿಯ ಪಠ್ಯದ ಈ ಕ್ರಿಯೆಯೇ. ದಿನಾ ಇದನ್ನೇ ಮಾಡುವವಳು, ‘ಯಾಕೆ ಹೀಗಾಗುತ್ತೆ’ ಎಂದು ಕೇಳಿದ ಮಗುವಿಗೆ ಟೇಬಲ್ ಬೈಹಾರ್ಟ್ ಮಾಡು ಎಂದೆ.

ಕಾಫಿ ಮಾಡಿಕೊಂಡು ಬಂದು ಪೇಪರನ್ನು ಇನ್ನೊಮ್ಮೆ ನಿಧಾನವಾಗಿ ನೋಡಿದೆ. ಅವಳ ತಪ್ಪು ದಡ್ಡತನದ ತಪ್ಪಾಗಿರಲಿಲ್ಲ. ಪ್ರಶ್ನೆ ಹೀಗಿತ್ತು: ಪೊಟ್ಯಾಸಿಯಂ ನೈಟ್ರೇಟ್ ದ್ರಾವಣಕ್ಕೆ ಸೋಡಿಯಂ ಕ್ಲೋರೈಡ್ ದ್ರಾವಣ ಸೇರಿಸಿದರೆ ಏನಾಗುತ್ತದೆ? ಅವಳು ಜೋಡಿ ಬದಲಿಸಿ, ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸೋಡಿಯಂ ನೈಟ್ರೇಟ್ ಎಂದು ಚೆಂದವಾಗಿ ಸಮತೋಲನ ಮಾಡಿದ ಸಮೀಕರಣ ಬರೆದಿದ್ದಳು. ಸರಿ ಉತ್ತರ: ಏನೂ ಆಗುವುದಿಲ್ಲ. ಟೀಚರ್ ಸೊನ್ನೆ ಕೊಟ್ಟಿದ್ದರು, ಕೊಡಬೇಕಾದದ್ದೇ. ಆದರೆ ಅವಳಿಗೆ ಹೇಳಿಕೊಟ್ಟ ಹೋಲಿಕೆಯಲ್ಲೇ ಎಡವಟ್ಟಿತ್ತು. ಎರಡು ಜೋಡಿ ಡ್ಯಾನ್ಸ್ ಮಾಡುತ್ತಿವೆ, ಹಾಡು ಬದಲಾದಾಗ ಜೊತೆಗಾರರು ಅದಲುಬದಲಾಗುತ್ತಾರೆ – ಎಲ್ಲ ಕಡೆ ಹೇಳುವುದು ಇದನ್ನೇ. ನಮ್ಮ ಕಾಲದಲ್ಲಿ ಮದುವೆ ಸಂಬಂಧ ಬದಲಾಯಿಸಿದಂತೆ ಎಂದು ನಗಿಸಿ ಹೇಳುತ್ತಿದ್ದರು. ಹಾಗೆ ಕಲಿತ ಮಗು ಎಲ್ಲಿ ಬೇಕಾದರೂ ಜೋಡಿ ಬದಲಿಸುತ್ತದೆ, ಕಾಗದ ತಡೆಯುವುದಿಲ್ಲ.

ನಿಜ ಸಂಗತಿ ಬೇರೆ. ಉಪ್ಪು ನೀರಿನಲ್ಲಿ ಕರಗಿದ ಕ್ಷಣವೇ ಜೋಡಿ ಮುರಿದಿರುತ್ತದೆ. ಸೋಡಿಯಂ ತನ್ನ ಪಾಡಿಗೆ, ಕ್ಲೋರೈಡ್ ತನ್ನ ಪಾಡಿಗೆ, ಸುತ್ತ ನೀರಿನ ಅಣುಗಳನ್ನು ಕಟ್ಟಿಕೊಂಡು ತೇಲುತ್ತಿರುತ್ತವೆ. ಪೊಟ್ಯಾಸಿಯಂ ನೈಟ್ರೇಟೂ ಹಾಗೆಯೇ. ಎರಡನ್ನೂ ಬೆರೆಸಿದರೆ ನಾಲ್ಕು ಬಗೆಯ ಅಯಾನುಗಳು ಒಂದೇ ಪಾತ್ರೆಯಲ್ಲಿ ಅಲೆದಾಡುತ್ತವೆ, ಅಷ್ಟೇ. ಯಾರೂ ಯಾರ ಕೈಯನ್ನೂ ಹಿಡಿದಿರಲಿಲ್ಲ, ಈಗಲೂ ಹಿಡಿಯುವುದಿಲ್ಲ.

ನಾನು ಅವಳಿಗೆ ಹೇಳಿದ್ದು ನಮ್ಮ ಯುಗಾದಿ ಕಾರ್ಯಕ್ರಮದ ಹಾಲ್‌ನ ನೆನಪು. ಮುನ್ನೂರು ಜನ ಪ್ಲೇಟ್ ಹಿಡಿದು ಓಡಾಡುತ್ತಿರುತ್ತಾರೆ, ನಮಸ್ಕಾರ ಅನ್ನುತ್ತಾರೆ, ಮುಂದೆ ಹೋಗುತ್ತಾರೆ. ಆ ಗುಂಪಿನಲ್ಲಿ ಒಂದೇ ಊರಿನ, ಒಂದೇ ಸ್ಕೂಲಿನ ಇಬ್ಬರು ಇಪ್ಪತ್ತು ವರ್ಷದ ಮೇಲೆ ಎದುರಾದರು ಅಂತಿಟ್ಟುಕೋ. ಮೂಲೆಯಲ್ಲಿ ಕುರ್ಚಿ ಎಳೆದು ಕುಳಿತರೆಂದರೆ ಮುಗಿಯಿತು, ಹೋಳಿಗೆ ಮುಗಿದರೂ ಏಳುವುದಿಲ್ಲ. ಓಡಾಟದಿಂದ ಆ ಇಬ್ಬರು ಹೊರಗೆ ಬಿದ್ದರು. ಉಳಿದವರಿಗೆ ಏನೂ ಆಗಿಲ್ಲ, ಅವರು ಪಾಯಸದ ಸಾಲಿನಲ್ಲಿದ್ದಾರೆ. ಹಾಗೆ ಹೊರಗೆ ಬೀಳುವುದೇ ಪ್ರಕ್ಷೇಪನ. ಪಾಯಸದ ಸಾಲಿನವರನ್ನು ನಿನ್ನ ಪುಸ್ತಕ ಸ್ಪೆಕ್ಟೇಟರ್ ಅಯಾನು ಅನ್ನುತ್ತದೆ.

‘ಹಾಗಿದ್ರೆ ಆ ಇಬ್ಬರು ಯಾರು ಅಂತ ಮೊದಲೇ ಹೇಗೆ ಗೊತ್ತಾಗುತ್ತೆ?’

ಒಳ್ಳೆಯ ಪ್ರಶ್ನೆ. ಇದಕ್ಕೇ ಕರಗುವಿಕೆಯ ಪಟ್ಟಿ ಇರುವುದು. ಎರಡು ಅಯಾನುಗಳು ಒಂದನ್ನೊಂದು ಹಿಡಿದುಕೊಂಡು ಹರಳಾಗುವ ಸೆಳೆತ ಹೆಚ್ಚೋ, ನೀರು ಅವುಗಳನ್ನು ಬಿಡಿಸಿ ತನ್ನೊಳಗೆ ಇಟ್ಟುಕೊಳ್ಳುವ ಸೆಳೆತ ಹೆಚ್ಚೋ ಎಂಬ ಹಗ್ಗಜಗ್ಗಾಟದ ಫಲಿತಾಂಶ ಅದು. ಯಾರೋ ಕೂತು ಮಾಡಿದ ಕಾನೂನಲ್ಲ, ಒಂದೊಂದನ್ನೂ ಕರಗಿಸಿ, ಅಳೆದು ಬರೆದಿಟ್ಟದ್ದು. ಒಂದು ಲೀಟರ್ ನೀರಿನಲ್ಲಿ ಅಡುಗೆ ಉಪ್ಪು ಸುಮಾರು 360 ಗ್ರಾಂ ಕರಗುತ್ತದೆ. ಅದೇ ಒಂದು ಲೀಟರಿನಲ್ಲಿ ಸಿಲ್ವರ್ ಕ್ಲೋರೈಡ್ ಕರಗುವುದು ಸುಮಾರು 2 ಮಿಲಿಗ್ರಾಂ. ಬೆಳ್ಳಿ ಮತ್ತು ಕ್ಲೋರೈಡ್ ಎದುರಾದರೆ ಕುರ್ಚಿ ಎಳೆದು ಕೂತ ಹಾಗೆಯೇ.

ಅಷ್ಟರಲ್ಲಿ ಫೋನ್ ರಿಂಗಾಯಿತು. ಇಲ್ಲಿ ರಾತ್ರಿ ಎಂಟೂವರೆ, ಅಲ್ಲಿ ಶನಿವಾರ ಬೆಳಗಿನ ಆರು. ಅಮ್ಮ ಕಾಫಿ ಲೋಟ ಹಿಡಿದುಕೊಂಡು ವಿಡಿಯೋದಲ್ಲಿ. ಪುಟ್ಟಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು.

‘ಅಜ್ಜಿ, ನಿಮ್ಮ ಬೆರಳಿಗೆ ಏನಾಯ್ತು? ಬೆಳಿಗ್ಗೆ ಫೋಟೋದಲ್ಲಿ ಪರ್ಪಲ್ ಇತ್ತು. ಈಗ ಕಪ್ಪು!’

‘ಅದು ಹಾಗೇ ಪುಟ್ಟಿ. ಮೊದಲು ನೇರಳೆ, ಆಮೇಲೆ ಕಪ್ಪು. ನಿನ್ನೆ ಪಾತ್ರೆ ತಿಕ್ಕಿದರೂ ಹೋಗಿಲ್ಲ, ಅರಿಶಿನ ಕಲಸಿದರೂ ಹೋಗಿಲ್ಲ. ಇನ್ನೆರಡು ತಿಂಗಳು ಇದೇ ನನ್ನ ಉಂಗುರ.’

ನಾನು ಪುಟ್ಟಿಯ ಕ್ವಿಜ್ ಪೇಪರ್ ನೋಡಿದೆ. ಮೂರನೇ ಪ್ರಶ್ನೆ: ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಸೋಡಿಯಂ ಕ್ಲೋರೈಡ್. ಆ ಪ್ರಶ್ನೆ ಅಮ್ಮನ ಬೆರಳ ಮೇಲೇ ಇತ್ತು.

ನಮ್ಮ ಮಕ್ಕಳಿಗೆ ಈ ಶಾಯಿಯ ಕತೆ ಗೊತ್ತಿರುವುದಿಲ್ಲ, ಹೇಳಬೇಕು. ಇಡೀ ಭಾರತದ ಮತದಾರರ ಬೆರಳಿಗೆ ಬೀಳುವ ಶಾಯಿ ತಯಾರಾಗುವುದು ಮೈಸೂರಿನ ಬನ್ನಿಮಂಟಪದ ಕಡೆ ಇರುವ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ. ದಸರಾ ಮೆರವಣಿಗೆ ಹೋಗಿ ಮುಟ್ಟುತ್ತದಲ್ಲ, ಅದೇ ಬನ್ನಿಮಂಟಪ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂದು ಶುರು ಮಾಡಿಸಿದ್ದು. ಕಾಡಿನ ಅರಗಿನಿಂದ ಬಣ್ಣ, ಮೆರುಗೆಣ್ಣೆ ತಯಾರಿಸುವ ಜಾಗ. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರದ ಸಂಸ್ಥೆಯಾಯಿತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರು ಕಂಡುಹಿಡಿದ ಅಳಿಸಲಾಗದ ಶಾಯಿಯನ್ನು ತಯಾರಿಸುವ ಪರವಾನಗಿ ಈ ಕಾರ್ಖಾನೆಗೆ 1962ರಲ್ಲಿ ಸಿಕ್ಕಿತು. ಆ ವರ್ಷದ ಮೂರನೇ ಮಹಾಚುನಾವಣೆಯಿಂದ ಹಿಡಿದು ಇವತ್ತಿನವರೆಗೆ ಚುನಾವಣಾ ಆಯೋಗಕ್ಕೆ ಪೂರೈಸುತ್ತಿರುವುದು ಅದೇ. ಈ ಸಲ ಕಳಿಸಿದ್ದು 26 ಲಕ್ಷಕ್ಕೂ ಹೆಚ್ಚು ಸಣ್ಣ ಬಾಟಲಿ. ಹತ್ತು ಮಿಲಿಲೀಟರಿನ ಒಂದು ಬಾಟಲಿ ಸುಮಾರು 700 ಜನರ ಬೆರಳಿಗೆ ಆಗುತ್ತದೆ. ಇಪ್ಪತ್ತೈದಕ್ಕೂ ಹೆಚ್ಚು ದೇಶಗಳಿಗೆ ರಫ್ತೂ ಇದೆ. ನಾನು ಹುಟ್ಟಿ ಬೆಳೆದದ್ದು ಆ ಕಾರ್ಖಾನೆಯಿಂದ ನಾಲ್ಕೈದು ಕಿಲೋಮೀಟರ್ ದೂರದಲ್ಲಿ. ಒಂದು ಸಲವೂ ಅದರ ಬಗ್ಗೆ ಯೋಚಿಸಿದವಳಲ್ಲ.

ಶಾಯಿಯ ಪೂರ್ತಿ ಸೂತ್ರ ಗುಟ್ಟು. ಆದರೆ ಕೆಲಸ ಮಾಡುವ ವಸ್ತು ಯಾವುದೆಂಬುದು ಗುಟ್ಟಲ್ಲ – ಸಿಲ್ವರ್ ನೈಟ್ರೇಟ್. ಚುನಾವಣಾ ಶಾಯಿಗಳಲ್ಲಿ ಇದು ಸಾಮಾನ್ಯವಾಗಿ ನೂರಕ್ಕೆ 10ರಿಂದ 18 ಭಾಗ ಇರುತ್ತದೆ. ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಬಣ್ಣವೇ ಇಲ್ಲ, ನೀರಿನ ಹಾಗೆ. ಹಚ್ಚಿದ್ದು ತಕ್ಷಣ ಕಾಣಲಿ ಎಂದು ನೇರಳೆ ಬಣ್ಣ ಬೆರೆಸಿರುತ್ತಾರೆ, ಬೇಗ ಆರಲಿ ಎಂದು ಆಲ್ಕೋಹಾಲ್. ಆ ನೇರಳೆ ತೊಳೆದರೆ ಹೋಗುತ್ತದೆ. ಅಸಲಿ ಕೆಲಸ ಅದರಡಿಯಲ್ಲಿ ನಡೆಯುತ್ತಿರುತ್ತದೆ.

ನಮ್ಮ ಚರ್ಮದ ಮೇಲೆ ಬೆವರಿನ ಉಪ್ಪು ಯಾವಾಗಲೂ ಇರುತ್ತದೆ. ಬೆಳ್ಳಿಯ ಅಯಾನು ಆ ಉಪ್ಪಿನ ಕ್ಲೋರೈಡನ್ನು ಸಂಧಿಸಿತು. ಪುಟ್ಟಿಯ ನೋಟ್‌ಬುಕ್ಕಿನಲ್ಲಿ ನಾವು ಬರೆದದ್ದು:

ಸಿಲ್ವರ್ ನೈಟ್ರೇಟ್ + ಸೋಡಿಯಂ ಕ್ಲೋರೈಡ್ → ಸಿಲ್ವರ್ ಕ್ಲೋರೈಡ್ ↓ + ಸೋಡಿಯಂ ನೈಟ್ರೇಟ್

ಆ ಕೆಳಮುಖದ ಬಾಣವೇ ಎಲ್ಲ. ಸೋಡಿಯಂ ಮತ್ತು ನೈಟ್ರೇಟ್ ಪಾತ್ರೆ ತೊಳೆಯುವಾಗ ನೀರಿನ ಜೊತೆ ಹೋದವು. ಸಿಲ್ವರ್ ಕ್ಲೋರೈಡ್ ನೀರಿಗೆ ಕರಗದೆ ಚರ್ಮದ ಮೇಲ್ಪದರದಲ್ಲಿ, ಉಗುರಿನಲ್ಲಿ ಕೂತುಬಿಟ್ಟಿತು. ಒಂದಷ್ಟು ಬೆಳ್ಳಿ ಚರ್ಮದ ಪ್ರೋಟೀನಿಗೂ ಅಂಟಿಕೊಳ್ಳುತ್ತದೆ. ಆದರೆ ಸಿಲ್ವರ್ ಕ್ಲೋರೈಡ್ ಬಿಳಿ. ಅಮ್ಮನ ಬೆರಳು ಕಪ್ಪಾದದ್ದು ಯಾಕೆ? ಬಿಸಿಲಿಗೆ. ಬೆಳಕು ಬಿದ್ದಾಗ ಕ್ಲೋರೈಡಿನ ಒಂದು ಎಲೆಕ್ಟ್ರಾನ್ ಬೆಳ್ಳಿಯ ಅಯಾನಿಗೆ ಹೋಗಿ, ಅದು ಲೋಹದ ಬೆಳ್ಳಿಯ ಸೂಕ್ಷ್ಮ ಕಣವಾಗುತ್ತದೆ. ಅಷ್ಟು ಸಣ್ಣ ಕಣಗಳು ಹೊಳೆಯುವುದಿಲ್ಲ, ಕಪ್ಪಾಗಿ ಕಾಣುತ್ತವೆ. ಇದು ಎರಡನೇ ಕ್ರಿಯೆ, ದ್ವಿಸ್ಥಾನಪಲ್ಲಟ ಅಲ್ಲ. ಪರೀಕ್ಷೆಯಲ್ಲಿ ಎರಡನ್ನೂ ಕಲಸಬೇಡ ಎಂದು ಪುಟ್ಟಿಗೆ ಹೇಳಿದೆ. 1830ರ ದಶಕದಲ್ಲಿ ಇಂಗ್ಲೆಂಡಿನ ಟಾಲ್ಬಟ್ ಮೊದಲ ಫೋಟೋಗಳನ್ನು ಮಾಡಿದ್ದು ಹೀಗೆಯೇ – ಕಾಗದವನ್ನು ಉಪ್ಪುನೀರಿನಲ್ಲಿ ಅದ್ದಿ, ಒಣಗಿಸಿ, ಮೇಲೆ ಸಿಲ್ವರ್ ನೈಟ್ರೇಟ್ ಹಚ್ಚಿ, ಬಿಸಿಲಿಗೆ ಹಿಡಿಯುವುದು.

‘ಅಂದ್ರೆ ಅಜ್ಜಿಯ ಬೆರಳು ಒಂದು ಫೋಟೋ ಪೇಪರ್!’ ಅಂದಳು ಪುಟ್ಟಿ. ಅಮ್ಮ ಆ ಕಡೆಯಿಂದ ‘ಏನಂತೆ?’ ಅಂದಳು. ನನಗೆ ಪಿಯುಸಿಯ ಸಾಲ್ಟ್ ಅನಾಲಿಸಿಸ್ ನೆನಪಾಯಿತು. ಪರೀಕ್ಷಾ ನಳಿಕೆಗೆ ಸಿಲ್ವರ್ ನೈಟ್ರೇಟ್ ಬಿಟ್ಟಾಗ ಮೊಸರಿನ ಹಾಗೆ ಬಿಳಿ ಗಡ್ಡೆ ಇಳಿಯುವುದು, ಅಮೋನಿಯಾ ಬಿಟ್ಟರೆ ಮಾಯವಾಗುವುದು. ಆಮೇಲೆ ಒಂದು ವಾರ ಬೆರಳ ತುದಿಗಳೆಲ್ಲ ಕಂದು. ನಾವು ಅದನ್ನು ನೋಡಿ ನಗುತ್ತಿದ್ದೆವು, ವೋಟು ಹಾಕಿ ಬಂದಿದ್ದೀವಿ ಅಂತ. ಹದಿನೇಳು ವರ್ಷ, ವೋಟಿರಲಿಲ್ಲ. ಆಮೇಲೂ ನಾನು ಹಾಕಿದ್ದು ಎರಡೇ ಸಲ. ನನ್ನದಿನ್ನೂ ಭಾರತದ ಪಾಸ್‌ಪೋರ್ಟ್. ಹೊರದೇಶದಲ್ಲಿರುವವರು ಫಾರ್ಮ್ 6ಎ ತುಂಬಿ ಹೆಸರು ಸೇರಿಸಬಹುದು, ಆದರೆ ವೋಟು ಹಾಕಲು ಖುದ್ದಾಗಿ ಅಲ್ಲಿರಬೇಕು. ಅಕ್ಕ ಕೆನಡಾದ ಪ್ರಜೆ, ಅವಳಿಗೆ ಅಲ್ಲಿ ವೋಟೇ ಇಲ್ಲ, ಓಸಿಐ ಕಾರ್ಡ್ ಇದ್ದರೂ. ಅಮ್ಮ ಪ್ರತಿ ಚುನಾವಣೆಗೂ ಕೇಳುತ್ತಾಳೆ, ‘ನೀನು ಹಾಕಲ್ವಾ?’ ಎಂದು. ಈ ಸಲವೂ ಕೇಳಿದಳು. ಮಾತು ಬದಲಿಸಿದೆ.

ಮಾರನೆಯ ದಿನ ಶನಿವಾರ, ಅಡುಗೆಮನೆಯಲ್ಲಿ ಪ್ರಯೋಗ. ಇದನ್ನು ನೀವೂ ಮಾಡಬಹುದು, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಸಿಲ್ವರ್ ನೈಟ್ರೇಟ್ ಮನೆಗೆ ತರಬೇಡಿ. ಕಣ್ಣಿಗೆ ಬಿದ್ದರೆ ಅಪಾಯ, ಕೌಂಟರ್ ಮೇಲೆ ಬಿದ್ದರೆ ಕಲೆ ಹೋಗುವುದಿಲ್ಲ, ದುಬಾರಿ ಬೇರೆ. ಬದಲಿಗೆ ಫಾರ್ಮಸಿಯಲ್ಲಿ ಕಾಲುನೋವಿಗೆಂದು ಮಾರುವ ಎಪ್ಸಮ್ ಸಾಲ್ಟ್ ತನ್ನಿ, ಅದು ಮೆಗ್ನೀಷಿಯಂ ಸಲ್ಫೇಟ್. ಇನ್ನೊಂದು, ಬಟ್ಟೆ ಸೋಪಿನ ಸಾಲಿನಲ್ಲಿ ಸಿಗುವ ವಾಷಿಂಗ್ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್. ಎರಡು ಗಾಜಿನ ಲೋಟದಲ್ಲಿ ಅರ್ಧರ್ಧ ಬಿಸಿ ನೀರು, ಒಂದೊಂದರಲ್ಲಿ ಒಂದೊಂದು ಚಮಚ ಪುಡಿ, ಪೂರ್ತಿ ಕರಗಿ ತಿಳಿಯಾಗುವ ತನಕ ಕಲಕಿ. ಈಗ ಒಂದನ್ನು ಇನ್ನೊಂದಕ್ಕೆ ಸುರಿಯಿರಿ. ಎರಡು ತಿಳಿ ನೀರು ಸೇರಿ ಅಕ್ಕಿ ತೊಳೆದ ನೀರಿಗಿಂತ ಗಟ್ಟಿಯಾದ ಬಿಳಿ ಮೋಡ. ಅದು ಮುಖ್ಯವಾಗಿ ಮೆಗ್ನೀಷಿಯಂ ಕಾರ್ಬೊನೇಟ್. ಸೋಡಿಯಂ ಮತ್ತು ಸಲ್ಫೇಟ್ ಪಾಯಸದ ಸಾಲಿನಲ್ಲೇ ಇವೆ.

ನಮ್ಮದು ಮೊದಲ ಸಲ ಕೆಟ್ಟಿತು. ವಾಷಿಂಗ್ ಸೋಡಾ ತರುವ ಸೋಮಾರಿತನಕ್ಕೆ ನಾನು ಅಡುಗೆ ಸೋಡಾ ಹಾಕಿದೆ. ಸುರಿದರೆ ಏನೂ ಇಲ್ಲ, ತಿಳಿ ನೀರು. ಪುಟ್ಟಿ ನನ್ನ ಮುಖ ನೋಡಿದಳು, ನಾನು ಲೋಟ ನೋಡಿದೆ. ಅಡುಗೆ ಸೋಡಾದಲ್ಲಿರುವುದು ಬೈಕಾರ್ಬೊನೇಟ್, ಮೆಗ್ನೀಷಿಯಂ ಜೊತೆ ಸೇರಿದರೂ ಅದು ಕರಗಿಯೇ ಇರುತ್ತದೆ. ಹೆಸರಿನಲ್ಲಿ ಒಂದೇ ಅಕ್ಷರದಷ್ಟು ವ್ಯತ್ಯಾಸ, ಫಲಿತಾಂಶ ಪೂರ್ತಿ ಬೇರೆ. ಅಡುಗೆ ಸೋಡಾವನ್ನು ಟ್ರೇನಲ್ಲಿ ಹರಡಿ ಓವನ್‌ನಲ್ಲಿ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಟ್ಟರೆ ನೀರು, ಇಂಗಾಲದ ಡೈಆಕ್ಸೈಡ್ ಹೋಗಿ ವಾಷಿಂಗ್ ಸೋಡಾ ಆಗುತ್ತದೆ, ಹಾಗೇ ಮಾಡಿದೆವು. ಈ ಪುಡಿ ಅಡುಗೆ ಸೋಡಾದಷ್ಟು ಸೌಮ್ಯವಲ್ಲ, ಕೈಗೆ ಗ್ಲವ್ ಇರಲಿ, ಕಣ್ಣು ಜೋಪಾನ, ಚಿಕ್ಕ ಮಕ್ಕಳಿಗೆ ಎಟುಕದಿರಲಿ. ಆದರೆ ಸೋತ ಆ ಲೋಟವೇ ಅವಳಿಗೆ ಹೆಚ್ಚು ಕಲಿಸಿತು ಅನ್ನಿಸುತ್ತದೆ. ಅದನ್ನು ನೋಡಿದ ಮೇಲೆ ಅವಳೇ ಕೇಳಿ ಮೂರನೇ ಲೋಟ ಮಾಡಿದಳು: ಎಪ್ಸಮ್ ಸಾಲ್ಟ್ ಮತ್ತು ಅಡುಗೆ ಉಪ್ಪು. ಸುರಿದಳು, ಕಾದಳು, ಬೆಳಕಿಗೆ ಹಿಡಿದು ನೋಡಿದಳು. ‘ನೋ ರಿಯಾಕ್ಷನ್,’ ಅಂದಳು. ಅದು ಅವಳ ಕ್ವಿಜ್‌ನ ಸೊನ್ನೆಯ ಉತ್ತರ. ಬಿಳಿ ಮೋಡವನ್ನು ಕಾಫಿ ಫಿಲ್ಟರ್‌ನಲ್ಲಿ ಸೋಸಿ, ಉಳಿದ ಗಸಿಗೆ ವಿನೆಗರ್ ಹಾಕಿದರೆ ಗುಳ್ಳೆ ಬಂದು ಕರಗುವುದನ್ನೂ ನೋಡಿ. ಮುಗಿದ ಮೇಲೆ ಸಿಂಕಿಗೆ ಧಾರಾಳ ನೀರಿನ ಜೊತೆ ಬಿಟ್ಟರಾಯಿತು.

ಇಲ್ಲೊಂದು ಎಚ್ಚರಿಕೆ. ಹಾಲಿಗೆ ನಿಂಬೆಹಣ್ಣು ಹಿಂಡಿ ಪನೀರ್ ಒಡೆಸುವುದನ್ನು ಎಷ್ಟೋ ಅಪ್ಪ ಅಮ್ಮಂದಿರು ಇದಕ್ಕೆ ಉದಾಹರಣೆ ಕೊಡುತ್ತಾರೆ. ಅದು ಬೇರೆ ವಿಷಯ: ಹುಳಿಗೆ ಹಾಲಿನ ಪ್ರೋಟೀನ್ ಗಂಟುಕಟ್ಟುವುದು, ಅಯಾನುಗಳ ಅದಲುಬದಲಲ್ಲ. ಮನೆಯ ಸರಿಯಾದ ಉದಾಹರಣೆ ಬೇಕಿದ್ದರೆ ಸೋಪು. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಸ್ನಾನ ಮಾಡಿದವರಿಗೆ ಗೊತ್ತು, ಎಷ್ಟು ಉಜ್ಜಿದರೂ ನೊರೆ ಇಲ್ಲ, ಬಕೆಟ್ಟಿನ ಅಂಚಿಗೆ ಬಿಳಿ ಗಸಿ. ಸೋಪಿನ ಸೋಡಿಯಂ ಸ್ಟಿಯರೇಟ್ ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಕ್ಯಾಲ್ಸಿಯಂ ಸ್ಟಿಯರೇಟ್ ಆಗಿ ಇಳಿದದ್ದು ಅದು.

ಹೊರಗಿನ ಉದಾಹರಣೆ ಬೇಕಿದ್ದರೆ ನಾರ್ತ್ ಯಾರ್ಕಿನಲ್ಲೇ ಇದೆ, ಅದೂ ಕ್ಲೋರೈಡಿನದ್ದೇ. ಚಳಿಗಾಲದಲ್ಲಿ ನಮ್ಮ ಬೂಟಿನ ಮೇಲೆ ಬಿಳಿ ಗೆರೆ ಬಿಡುವ ರಸ್ತೆ ಉಪ್ಪು. ಟೊರಾಂಟೋ ನಗರವೊಂದೇ ವರ್ಷಕ್ಕೆ ಲಕ್ಷ ಟನ್ನಿಗೂ ಮಿಕ್ಕಿ ಸುರಿಯುತ್ತದೆ. ನಮ್ಮ ಬಿಲ್ಡಿಂಗಿನ ಪಾರ್ಕಿಂಗ್‌ಗಳಲ್ಲಿ ಸುರಿಯುವುದು ಅದರ ಲೆಕ್ಕಕ್ಕೆ ಸೇರಿಲ್ಲ. ಈ ಪ್ರಾಂತ್ಯದ ಗಾಡ್ರಿಚ್‌ನಲ್ಲಿ ಹ್ಯೂರಾನ್ ಸರೋವರದ ಅಡಿಯಲ್ಲಿ ಅಗೆಯುವ ಗಣಿ ಜಗತ್ತಿನ ಅತಿ ದೊಡ್ಡ ಭೂಗತ ಉಪ್ಪಿನ ಗಣಿ. ಅಲ್ಲಿಂದೆಲ್ಲ ಬಂದ ಉಪ್ಪು ಹಿಮ ಕರಗಿದಾಗ ಚರಂಡಿಗೆ, ಚರಂಡಿಯಿಂದ ಡಾನ್ ನದಿಗೆ. ಕೆನಡಾದ ಮಾರ್ಗಸೂಚಿಯ ಪ್ರಕಾರ ನೀರಿನ ಜೀವಿಗಳು ದೀರ್ಘಕಾಲ ಬದುಕಲು ಕ್ಲೋರೈಡ್ ಲೀಟರಿಗೆ 120 ಮಿಲಿಗ್ರಾಂ ದಾಟಬಾರದು, ಸ್ವಲ್ಪ ಹೊತ್ತಿಗಾದರೂ 640 ದಾಟಬಾರದು. ನಮ್ಮ ನಗರದ ತೊರೆಗಳು ಚಳಿಗಾಲದಲ್ಲಿ ಇದನ್ನು ಮೀರುತ್ತವೆ.

ಪುಟ್ಟಿ ಕೇಳಿದ್ದು: ‘ಪ್ರೆಸಿಪಿಟೇಟ್ ಮಾಡಿ ತೆಗೆದುಬಿಡಬಹುದಲ್ಲ?’ ಟೇಬಲ್ ನೋಡು ಅಂದೆ. ನೋಡಿದಳು. ಕ್ಲೋರೈಡ್ ಸಾಲಿನಲ್ಲಿ ಬಹುತೇಕ ಎಲ್ಲವೂ ಕರಗುತ್ತವೆ. ಕರಗದವು ಬೆಳ್ಳಿ, ಸೀಸ, ಪಾದರಸ. ನದಿಗೆ ಬೆಳ್ಳಿ ಸುರಿಯಲು ದುಡ್ಡಿಲ್ಲ, ಸೀಸ ಪಾದರಸ ಸುರಿಯುವುದು ವಿಷ ಸುರಿದಂತೆ. ಅದಕ್ಕೇ ಒಮ್ಮೆ ನದಿಗೆ ಹೋದ ಉಪ್ಪನ್ನು ವಾಪಸ್ ತೆಗೆಯಲು ಅಗ್ಗದ ದಾರಿ ಇಲ್ಲ. ಹಾಕುವಾಗಲೇ ಕಡಿಮೆ ಹಾಕಬೇಕು. ನಾನು ಬೈಹಾರ್ಟ್ ಮಾಡು ಎಂದಿದ್ದ ಪಟ್ಟಿಯನ್ನು ಅವಳು ಅವತ್ತು ತಾನಾಗಿ ಹತ್ತು ನಿಮಿಷ ಓದಿದಳು, ಬೇರೆ ಸಾಲುಗಳನ್ನೂ. ಸೀಸದ ಸಾಲಿನಲ್ಲಿ ಫಾಸ್ಫೇಟ್ ಕರಗುವುದಿಲ್ಲ ಎಂದಿತ್ತು. ಟೊರಾಂಟೋದಲ್ಲಿ 2014ರಿಂದ ಕುಡಿಯುವ ನೀರಿಗೆ ಸ್ವಲ್ಪ ಫಾಸ್ಫೇಟ್ ಸೇರಿಸುತ್ತಿರುವುದು ಇದಕ್ಕೇ, ಹಳೆಯ ಸೀಸದ ಪೈಪಿನ ಒಳಮೈಯಲ್ಲಿ ಕರಗದ ಪದರ ಕಟ್ಟಲಿ ಎಂದು. 1950ರ ದಶಕದ ನಡುಭಾಗಕ್ಕಿಂತ ಮುಂಚೆ ಕಟ್ಟಿದ ಮನೆಯಲ್ಲಿ ಬಾಡಿಗೆಗಿದ್ದು, ಕೂಸು ಅಥವಾ ಬಸುರಿ ಇದ್ದರೆ ಪೈಪಿನ ವಿಷಯ ವಿಚಾರಿಸಿ. ಸೀಸ ತೆಗೆಯುವ ಎನ್‌ಎಸ್‌ಎಫ್ 53 ಗುರುತಿನ ಫಿಲ್ಟರ್ ಹಾಕಿ. ನಮ್ಮವರು ಎಲ್ಲಕ್ಕೂ ನೀರು ಕುದಿಸುತ್ತೇವೆ, ಕುದಿಸಿದರೆ ಸೀಸ ಹೋಗುವುದಿಲ್ಲ.

ಮುಂದಿನ ವಾರ ಊಟದ ಬಿಡುವಿನಲ್ಲಿ ಲ್ಯಾಬಿನಲ್ಲಿ ಅವಳಿಗೊಂದು ವಿಡಿಯೋ ಮಾಡಿದೆ. ಮೂರು ಪರೀಕ್ಷಾ ನಳಿಕೆ: ಡಿಸ್ಟಿಲ್ಡ್ ವಾಟರ್, ನಮ್ಮ ಮನೆಯ ನಲ್ಲಿ ನೀರು, ಮತ್ತು ಭಾನುವಾರ ಅರ್ಲ್ ಬೇಲ್ಸ್ ಪಾರ್ಕಿಗೆ ಹೋದಾಗ ಪುಟ್ಟಿಯೇ ಬಾಟಲಿಯಲ್ಲಿ ಹಿಡಿದ ವೆಸ್ಟ್ ಡಾನ್ ನದಿಯ ನೀರು. ಕಾರ್ಬೊನೇಟ್ ಅಡ್ಡ ಬಾರದಿರಲಿ ಎಂದು ಮೂರಕ್ಕೂ ಒಂದು ಹನಿ ನೈಟ್ರಿಕ್ ಆಮ್ಲ, ಆಮೇಲೆ ಸಿಲ್ವರ್ ನೈಟ್ರೇಟ್. ಮೊದಲನೆಯದು ತಿಳಿ. ನಲ್ಲಿ ನೀರಿನಲ್ಲಿ ತೆಳು ಹಾಲಿನ ಮಸುಕು. ಡಾನ್ ನೀರಿನಲ್ಲಿ ಬಿಳಿ ಮೋಡ, ಹಿಂದಿನ ಗೋಡೆ ಕಾಣದಷ್ಟು. ನಳಿಕೆಗಳನ್ನು ಕಿಟಕಿಯ ಹತ್ತಿರ ಇಟ್ಟೆ. ಸಂಜೆ ಹೊರಡುವಾಗ ಡಾನ್‌ನ ಬಿಳಿ ನೇರಳೆ ಬೂದಿಗೆ ತಿರುಗಿತ್ತು. ಅದರದ್ದೊಂದು ಫೋಟೋ ಕಳಿಸಿ, ನಳಿಕೆಯಲ್ಲಿದ್ದದ್ದನ್ನು ಬೆಳ್ಳಿಯ ತ್ಯಾಜ್ಯದ ಬಾಟಲಿಗೆ ಸುರಿದೆ. ಪುಟ್ಟಿ ಆ ಫೋಟೋವನ್ನು ಅಜ್ಜಿಯ ಬೆರಳಿನ ಫೋಟೋ ಪಕ್ಕಕ್ಕೆ ಜೋಡಿಸಿ ಮನೆಯ ಗುಂಪಿಗೆ ಹಾಕಿದಳು. ಅಕ್ಕ ‘ಇದೇನು, ಯಾರಿಗೆ ಹುಷಾರಿಲ್ಲ?’ ಎಂದು ಕೇಳಿದಳು.

ಯೂನಿಟ್ ಟೆಸ್ಟಿನಲ್ಲಿ ಅವಳಿಗೆ ಬಂದದ್ದು 78. ಅಕ್ಕನಿಗೆ ಅದು ಸಾಲದು. ಕೆಮಿಸ್ಟ್ರಿ ಇನ್ನೂ ಅವಳ ಮುಂದಿನ ವರ್ಷದ ಪಟ್ಟಿಯಲ್ಲಿದೆ. ಸೆಪ್ಟೆಂಬರ್ ತನಕ ಇರುತ್ತದೋ ಇಲ್ಲವೋ ನಾನು ಕೇಳಿಲ್ಲ, ಅಕ್ಕನಿಗೂ ಕೇಳಬೇಡ ಎಂದಿದ್ದೇನೆ.

ಮೊನ್ನೆ ಗುರುವಾರ ರಾತ್ರಿ ಮತ್ತೆ ವಿಡಿಯೋ ಕಾಲ್. ಪುಟ್ಟಿಗೆ ಮೊದಲು ಬೆರಳು ತೋರಿಸಬೇಕು, ಆಮೇಲೆ ಮಾತು. ಚರ್ಮದ ಮೇಲಿನ ಕಪ್ಪು ಮೇ ತಿಂಗಳಲ್ಲೇ ಹೋಗಿತ್ತು, ಮೇಲ್ಪದರ ಉದುರಿದ ಹಾಗೆಲ್ಲ ಹೋಗುತ್ತದೆ. ಉಗುರು ತಿಂಗಳಿಗೆ ಮೂರು ಮಿಲಿಮೀಟರಿನಷ್ಟು ಬೆಳೆಯುತ್ತದೆ. ಈಗ ಅದರ ತುದಿಯಲ್ಲಿ ಒಂದು ಸಣ್ಣ ಕಂದು ತುಣುಕು ಮಾತ್ರ.

‘ಅಜ್ಜಿ, ಅದನ್ನ ಕಟ್ ಮಾಡಿದಾಗ ಎಸೀಬೇಡಿ. ಒಂದು ಕವರ್‌ನಲ್ಲಿ ಇಟ್ಟಿರಿ, ಡಿಸೆಂಬರ್‌ಗೆ ಬಂದಾಗ ನನಗೆ ಬೇಕು.’

‘ಶಿವನೇ, ಉಗುರು ಯಾರಾದರೂ ಮನೆಯಲ್ಲಿ ಇಟ್ಟುಕೋತಾರೇನೇ?’ ಅಂದಳು ಅಮ್ಮ. ಆಮೇಲೆ ಸ್ವಲ್ಪ ತಡೆದು, ‘ಇವತ್ತಂತೂ ಕತ್ತರಿಸಲ್ಲ, ಇಲ್ಲಿ ಶುಕ್ರವಾರ. ನಾಳೆ ನೋಡೋಣ.’